ಉಡುಪಿ ಹೋಟೆಲಿನ ಮೊದಲ ಗಿರಾಕಿಗಳು

ಇಪ್ಪತ್ತನೆಯ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ ಉಡುಪಿ, ಕಾರ್ಕಳ, ಕುಂದಾಪುರ ತಾಲೂಕುಗಳ ಹಳ್ಳಿಗಳಿಂದ ಮದರಾಸು, ಬೆಂಗಳೂರು, ಮೈಸೂರು, ಮುಂಬಯಿಗಳಿಗೆ ಹೊರಟ ತರುಣರು ಕಟ್ಟಿದ ಹೋಟೆಲುಗಳು ದಕ್ಷಿಣ ಭಾರತದ ನಗರಜೀವನದ ಚಹರೆಯನ್ನೇ ಬದಲಿಸಿದವು. ಮನೆಯ ಹೊರಗೆ ಉಣ್ಣುವುದನ್ನು ಅಷ್ಟಾಗಿ ಒಪ್ಪದ ಸಮಾಜವೊಂದರಲ್ಲಿ ಅವು ಇಡ್ಲಿ, ದೋಸೆ, ಉಪ್ಪಿಟ್ಟು, ಕಾಫಿಗಳನ್ನು ದಿನನಿತ್ಯದ ಸಂಗತಿಗಳನ್ನಾಗಿ ಮಾಡಿದವು. ಈ ಯಶಸ್ಸಿಗೆ ರುಚಿ, ಶುಚಿ ಮತ್ತು ದುಡಿಮೆ ಎಂಬ ಮೂರು ಕಾರಣಗಳನ್ನು ಕೊಡುವುದು ರೂಢಿ. ಮೂರೂ ನಿಜವೇ ಆದರೂ ರುಚಿ ತಿಳಿಯುವುದು ಗಿರಾಕಿ ಒಳಗೆ ಬಂದು ಎಲೆಯ ಮುಂದೆ ಕುಳಿತ ಮೇಲೆ. ಕೈಯಲ್ಲಿ ಬಂಡವಾಳವಿಲ್ಲದೆ, ಎಷ್ಟೋ ಸಲ ಆ ಊರಿನ ಭಾಷೆಯೂ ಬಾರದೆ ಬಂದವನೊಬ್ಬ ತೆರೆದ ಅಂಗಡಿಯ ಹೊಸ್ತಿಲನ್ನು ಮೊದಲ ಗಿರಾಕಿ ಯಾವ ಧೈರ್ಯದ ಮೇಲೆ ದಾಟಿದ ಎಂಬ ಪ್ರಶ್ನೆಗೆ ಉತ್ತರವನ್ನು ಅಡುಗೆಮನೆಗಿಂತ ಆಚೆ, ಕರಾವಳಿಯ ಜಮೀನು, ಮಠ ಮತ್ತು ಜಾತಿಯ ಚರಿತ್ರೆಯಲ್ಲಿ ಹುಡುಕಬೇಕಾಗುತ್ತದೆ.

ಅವಿಭಜಿತ ದಕ್ಷಿಣ ಕನ್ನಡದ ಸಾಗುವಳಿಯ ಬಹುಪಾಲು ಗೇಣಿಯ ಮೇಲೆ ನಿಂತಿತ್ತು. ಶಾಶ್ವತ ಹಕ್ಕಿನ ಗೇಣಿಗೆ ಮೂಲಗೇಣಿ ಎಂದೂ, ವರ್ಷದಿಂದ ವರ್ಷಕ್ಕೆ ಒಡೆಯನ ಮರ್ಜಿಯ ಮೇಲೆ ನಡೆಯುವ ಗೇಣಿಗೆ ಚಾಲಗೇಣಿ ಎಂದೂ ಹೆಸರು. ದೊಡ್ಡ ಒಡೆಯರ ಮನೆಗಳು ಬೆರಳೆಣಿಕೆಯಷ್ಟಿದ್ದವು. ಉಳಿದ ಮನೆಗಳು, ಬ್ರಾಹ್ಮಣರವೂ ಸೇರಿದಂತೆ, ಒಂದೆರಡು ಗದ್ದೆ, ನಾಲ್ಕಾರು ತೆಂಗಿನ ಮರ, ಪೌರೋಹಿತ್ಯದ ಅಥವಾ ಅಡುಗೆಯ ಅಲ್ಪ ಸಂಪಾದನೆಯಲ್ಲಿ ದಿನ ದೂಡುತ್ತಿದ್ದವು. ಗಂಡುಮಕ್ಕಳು ನಾಲ್ಕೈದು ಜನರಾದ ಮನೆಯಲ್ಲಿ ಗದ್ದೆ ಪಾಲಾದರೆ ಯಾರಿಗೂ ಹೊಟ್ಟೆ ತುಂಬದು. 1923ರ ಮಹಾಪೂರ ಜಿಲ್ಲೆಯ ನದಿ ಬದಿಯ ಊರುಗಳನ್ನು ಕೊಚ್ಚಿದ್ದೂ, ಆ ದಶಕದ ಕೊನೆಯಲ್ಲಿ ಆರಂಭವಾದ ಜಾಗತಿಕ ಆರ್ಥಿಕ ಕುಸಿತದಲ್ಲಿ ಫಸಲಿನ ಬೆಲೆ ಬಿದ್ದದ್ದೂ ಈ ಇಕ್ಕಟ್ಟನ್ನು ಹೆಚ್ಚಿಸಿದವು. ಹತ್ತು ಹನ್ನೆರಡು ವಯಸ್ಸಿನ ಹುಡುಗನನ್ನು ಘಟ್ಟದ ಮೇಲಕ್ಕೋ ಮದರಾಸಿಗೋ ಕಳುಹಿಸಿದರೆ ಮನೆಯಲ್ಲಿ ಒಂದು ಎಲೆ ಕಡಿಮೆಯಾಗುತ್ತಿತ್ತು, ಹಬ್ಬದ ಹೊತ್ತಿಗೆ ಒಂದೆರಡು ರೂಪಾಯಿ ಮನಿಯಾರ್ಡರೂ ಬರಬಹುದಿತ್ತು.

ಹೀಗೆ ಹೊರಟವರು ಅಡುಗೆಯನ್ನೇ ಏಕೆ ಹಿಡಿದರು ಎಂಬುದಕ್ಕೆ ಉಡುಪಿಯ ಮಠಗಳು ಒಂದು ದೊಡ್ಡ ಕಾರಣ. ಅಲ್ಲಿಯ ಕೃಷ್ಣನ ಪೂಜೆಯ ಅಧಿಕಾರ ಅಷ್ಟ ಮಠಗಳಲ್ಲಿ ಸರದಿಯಂತೆ ಸಾಗುವ ಪದ್ಧತಿಯೇ ಪರ್ಯಾಯ. ಒಬ್ಬೊಬ್ಬ ಯತಿಗೆ ಎರಡು ವರ್ಷದ ಅವಧಿಯೆಂಬ ಈಗಿನ ಕ್ರಮವನ್ನು 16ನೆಯ ಶತಮಾನದಲ್ಲಿ ವಾದಿರಾಜರು ನೆಲೆಗೊಳಿಸಿದರು. ಪರ್ಯಾಯ ಪೀಠವೇರುವ ಮಠದ ಹೊಣೆಯಲ್ಲಿ ಪೂಜೆಯಷ್ಟೇ ದೊಡ್ಡದು ಅನ್ನದಾನ. ಅದಕ್ಕಾಗಿ ವರ್ಷಕ್ಕೂ ಮೊದಲಿನಿಂದ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ ಎಂಬ ನಾಲ್ಕು ವಿಧಿಗಳು ಒಂದೊಂದಾಗಿ ನಡೆಯುತ್ತವೆ. ಊಟದ ಎಲೆಗಾಗಿ ಬಾಳೆ ನೆಡುವುದು, ಅಕ್ಕಿ ಭತ್ತ ಕೂಡಿಡುವುದು, ಮಳೆಗಾಲದಲ್ಲಿ ಒಲೆ ಆರದಂತೆ ಸೌದೆಯನ್ನು ರಥದ ಆಕಾರದಲ್ಲಿ ಒಟ್ಟಿಡುವುದು ಇವುಗಳ ತಿರುಳು. ಹೊರಗಿನವರಿಗೆ ಇವು ಶಾಸ್ತ್ರವಾಗಿ ಕಾಣುತ್ತವೆಯಾದರೂ ಸಾವಿರಾರು ಜನರಿಗೆ ದಿನ ತಪ್ಪದೆ ಬಡಿಸಬೇಕಾದ ಅಡುಗೆಮನೆಯೊಂದರ ಮುಂಗಡ ಲೆಕ್ಕಾಚಾರವೇ ಇಲ್ಲಿ ವಿಧಿಯ ರೂಪ ತಾಳಿದೆ. ಎಷ್ಟು ಎಲೆಗೆ ಎಷ್ಟು ಅಕ್ಕಿ, ಹುಳಿಗೆ ಎಷ್ಟು ಬೇಳೆ, ಮೊದಲ ಪಂಕ್ತಿ ಏಳುವಷ್ಟರಲ್ಲಿ ಎರಡನೆಯದಕ್ಕೆ ಏನೇನು ಸಿದ್ಧವಿರಬೇಕು ಎಂಬ ಅಂದಾಜು ಈ ಸೀಮೆಯ ಅಡುಗೆಭಟ್ಟರಿಗೆ ಸಂತರ್ಪಣೆಗಳಲ್ಲಿ ಕೈಗೂಡಿದ ವಿದ್ಯೆಯಾಗಿತ್ತು. ಈರುಳ್ಳಿ ಬೆಳ್ಳುಳ್ಳಿ ಸೋಕದ ಮಠದ ಅಡುಗೆ ಎಂಬ ಖ್ಯಾತಿ ಆ ವಿದ್ಯೆಯ ಜೊತೆಗೇ ಪ್ರಯಾಣ ಮಾಡಿತು.

ಆದರೂ ಅನ್ನದಾನದ ನಾಡಿನಲ್ಲಿ ಅನ್ನ ಮಾರುವುದು ಗೌರವದ ಕೆಲಸವಾಗಿರಲಿಲ್ಲ. ಬೇಯಿಸಿದ ಅನ್ನಕ್ಕೆ ಬೆಲೆ ಕಟ್ಟುವುದನ್ನು ಅನ್ನವಿಕ್ರಯವೆಂದು ಕರೆದು ಕೀಳಾಗಿ ಕಾಣುತ್ತಿದ್ದ ಮಡಿವಂತರು ಊರಿನಲ್ಲಿದ್ದರು. ದಾರಿಹೋಕನಿಗೆ ಛತ್ರವಿತ್ತು, ಪರಿಚಿತರ ಮನೆಯಿತ್ತು. ಹೋಟೆಲು ಮೊದಲು ಬೇರೂರಿದ್ದು ಉಡುಪಿಗಿಂತ ಹೆಚ್ಚಾಗಿ ದೂರದ ಪಟ್ಟಣಗಳಲ್ಲಿ ಎಂಬುದಕ್ಕೆ ಇದೂ ಒಂದು ಕಾರಣವಾಗಿರಬಹುದು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯಲ್ಲಿ ಬೆಂಗಳೂರಿಗೆ ಹೋಗಿ ಹೋಟೆಲು ಹಾಕಿದ ಮಕ್ಕಳ ಹಣ ಕರಾವಳಿಯ ಹಳ್ಳಿಯ ಮನೆಗಳ ನಡುವೆ ಹುಟ್ಟಿಸುವ ಪೈಪೋಟಿ, ಕಸಿವಿಸಿಗಳ ಚಿತ್ರವಿದೆ. ಆ ಹೊತ್ತಿನ ಕೋಟ, ಕುಂದಾಪುರ ಸೀಮೆಯ ಮನಸ್ಸನ್ನು ಅರಿಯಲು ಅದಕ್ಕಿಂತ ಹತ್ತಿರದ ಸಾಕ್ಷ್ಯ ಸಿಗುವುದು ಕಷ್ಟ.

ಇನ್ನು ಗಿರಾಕಿಯ ಕಡೆಯಿಂದ ನೋಡಬೇಕು. ದಕ್ಷಿಣ ಕನ್ನಡ 1956ರ ತನಕ ಮದರಾಸಿನ ಆಡಳಿತಕ್ಕೆ ಸೇರಿದ್ದುದರಿಂದ ಹೈಕೋರ್ಟಿನ ವ್ಯಾಜ್ಯ, ಮೇಲ್ದರ್ಜೆಯ ಕಾಲೇಜು, ಸರಕಾರಿ ಕಚೇರಿಯ ಕೆಲಸಗಳಿಗೆ ಜಿಲ್ಲೆಯ ಜನ ಅಲ್ಲಿಗೇ ಹೋಗಬೇಕಿತ್ತು. 1907ರಲ್ಲಿ ಮಂಗಳೂರಿಗೆ ರೈಲು ಬಂದ ಮೇಲೆ ಆ ದಾರಿ ಸುಗಮವಾಯಿತು. ತಮಿಳು, ತೆಲುಗು ಜಿಲ್ಲೆಗಳಿಂದಲೂ ಇದೇ ರೀತಿ ಗುಮಾಸ್ತರು, ವಿದ್ಯಾರ್ಥಿಗಳು, ಕಕ್ಷಿದಾರರು ಮದರಾಸಿಗೆ ಬಂದು ಸೇರುತ್ತಿದ್ದರು. ಸಂಸಾರವನ್ನು ಊರಲ್ಲೇ ಬಿಟ್ಟು ಬಾಡಿಗೆ ಕೋಣೆಯಲ್ಲಿ ಉಳಿದ ಇಂಥ ಗಂಡಸರಲ್ಲಿ ಬಹಳಷ್ಟು ಮಂದಿಗೆ ಅಡುಗೆ ಬಾರದು, ಯಾರೋ ಬೇಯಿಸಿದ್ದನ್ನು ಉಣ್ಣಲು ಜಾತಿಯ ಕಟ್ಟುಪಾಡು ಬಿಡದು. ಬ್ರಾಹ್ಮಣ ಬೇಯಿಸಿದ ಅನ್ನವನ್ನು ಬ್ರಾಹ್ಮಣರು ಉಣ್ಣಬಹುದಿತ್ತು, ಇತರ ಅನೇಕ ಜಾತಿಯವರೂ ಆಕ್ಷೇಪವಿಲ್ಲದೆ ಉಣ್ಣುತ್ತಿದ್ದರು. ಹೊಸ ಹೋಟೆಲಿನವನು ತನ್ನ ಫಲಕದ ಮೇಲೆ ‘ಬ್ರಾಹ್ಮಣರ’ ಎಂಬ ಪದವನ್ನೂ ‘ಉಡುಪಿ’, ‘ಕೃಷ್ಣ’ ಎಂಬ ಹೆಸರುಗಳನ್ನೂ ಬರೆಸಿದಾಗ ಗುರುತು ಪರಿಚಯವಿಲ್ಲದ ಗಿರಾಕಿಗೆ ಅವು ಮೂರೂ ಸೇರಿ ಒಳಗಿನ ಅಡುಗೆಮನೆಯ ಬಗ್ಗೆ ಭರವಸೆ ಕೊಡುತ್ತಿದ್ದವು. ತನ್ನ ಹೆಸರಿನ ಮೇಲೆ ನಂಬಿಕೆ ಹುಟ್ಟಿಸಲು ವರ್ಷಗಟ್ಟಲೆ ಕಾಯಲಾಗದ ಸಣ್ಣ ಬಂಡವಾಳಗಾರನಿಗೆ ಶತಮಾನಗಳ ನಂಬಿಕೆಯೊಂದು ಎರವಲಾಗಿ ಸಿಕ್ಕಿತ್ತು. ಉಡುಪಿ ಹೋಟೆಲಿನ ಮೂಲ ಬಂಡವಾಳ ಇದೇ. ಅದರ ಬೆಲೆಯನ್ನು ತೆತ್ತವರು ಬಾಗಿಲಲ್ಲೇ ತಡೆಯಲ್ಪಟ್ಟ ಇತರರು ಎಂಬುದನ್ನೂ ಈ ಚರಿತ್ರೆ ಮುಚ್ಚಿಡಬಾರದು.

ಮದರಾಸಿನ ಕೆ. ಕೃಷ್ಣರಾಯರ ಬದುಕಿನಲ್ಲಿ ಈ ಎಲ್ಲ ಎಳೆಗಳೂ ಸ್ಪಷ್ಟವಾಗಿ ಕಾಣುತ್ತವೆ. ಕಾರ್ಕಳದ ಕಡೆಯ ಕಡಂದಲೆಯಲ್ಲಿ ಬಡ ಕುಟುಂಬದಲ್ಲಿ ಹುಟ್ಟಿ, ಹುಡುಗನಾಗಿರುವಾಗಲೇ ಅಡುಗೆಮನೆಯ ಚಾಕರಿಗೆ ಸೇರಿದ ಅವರು ಮದರಾಸಿಗೆ ಬಂದು, ತಿಂಗಳಿಗೆ ಕೆಲವೇ ರೂಪಾಯಿ ಸಂಬಳಕ್ಕೆ ಪಾತ್ರೆ ತೊಳೆಯುವ, ಅರೆಯುವ ಕಲ್ಲಿನ ಮುಂದೆ ಕೂರುವ ಕೆಲಸದಿಂದ ತೊಡಗಿದರು. 1920ರ ದಶಕದ ಮಧ್ಯಭಾಗದಲ್ಲಿ ಜಾರ್ಜ್‌ಟೌನಿನ ಆಚಾರಪ್ಪನ್ ಬೀದಿಯಲ್ಲಿದ್ದ ಸಣ್ಣ ಹೋಟೆಲೊಂದನ್ನು ಅದರ ಮಾಲೀಕರು 700 ರೂಪಾಯಿಗೆ, ತಿಂಗಳಿಗೆ 50 ರೂಪಾಯಿಯ ಕಂತಿನಲ್ಲಿ ಅವರಿಗೆ ಬಿಟ್ಟುಕೊಟ್ಟರು. ಈ ಏರ್ಪಾಡನ್ನು ತುಸು ನಿಧಾನವಾಗಿ ನೋಡಬೇಕು. ಸಂಬಳದ ಆಳಿನ ಕೈಯಲ್ಲಿ 700 ರೂಪಾಯಿ ಒಟ್ಟಿಗೆ ಇರುವುದು ಅಸಾಧ್ಯ, ಅಡವಿಡಲು ಆಸ್ತಿಯಿಲ್ಲದವನಿಗೆ ಸಾಲ ಹುಟ್ಟುವುದೂ ಕಷ್ಟ. ಆದರೆ ನಡೆಯುತ್ತಿರುವ ಹೋಟೆಲಿಗೆ ಬೆಳಗಿನ ಕಾಫಿಯ ಹೊತ್ತಿನಿಂದಲೇ ಗಲ್ಲಾಕ್ಕೆ ಕಾಸು ಬೀಳುತ್ತದೆ, ಹದಿನಾಲ್ಕು ತಿಂಗಳಲ್ಲಿ ತೀರಬೇಕಾದ ಕಂತು ಆ ಕಾಸಿನಿಂದಲೇ ಹುಟ್ಟುತ್ತದೆ. ಇನ್ನೂ ಮುಖ್ಯವಾದದ್ದೆಂದರೆ, ಅಂಥ ವ್ಯವಹಾರದಲ್ಲಿ ಕೊಂಡವನಿಗೆ ಒಲೆ, ಬೆಂಚುಗಳ ಜೊತೆ ಗಿರಾಕಿಗಳೂ ಕೈಸೇರುತ್ತಾರೆ. ಬಂದರು, ಹೈಕೋರ್ಟು, ಸಗಟು ಮಳಿಗೆಗಳ ನಡುವಿನ ಆ ಬೀದಿಗಳಲ್ಲಿ ದಿನವೂ ಅದೇ ಹೊತ್ತಿಗೆ ಹಸಿಯುವ ಜನರಿಗೆ ಕೊರತೆಯಿರಲಿಲ್ಲ.

ಕೃಷ್ಣರಾಯರು ಮುಂದೆ ಮೌಂಟ್ ರೋಡಿಗೆ ಬಂದು ‘ಉಡುಪಿ ಶ್ರೀಕೃಷ್ಣ ವಿಲಾಸ’ ತೆರೆದರು. 1930ರ ದಶಕದ ಕೊನೆಯಲ್ಲಿ ರಾಯಪೇಟೆಯ ಮರಗಳ ತೋಪಿನ ನಡುವಿದ್ದ ಬಂಗಲೆಯೊಂದನ್ನು ಗುತ್ತಿಗೆಗೆ ಹಿಡಿದು ‘ವುಡ್‌ಲ್ಯಾಂಡ್ಸ್’ ಎಂಬ ಹೆಸರಿನಲ್ಲಿ ವಸತಿಗೃಹವನ್ನೂ ನಡೆಸಿದರು. ಉಡುಪಿ, ಕೃಷ್ಣ ಎಂಬ ಎರವಲಿನ ಹೆಸರುಗಳಿಂದ ಜಾತಿಯ ಸುಳಿವೇ ಇಲ್ಲದ ಇಂಗ್ಲಿಷ್ ಹೆಸರಿಗೆ ಅವರು ಸಾಗಿದ್ದು ಗಮನಾರ್ಹ, ಏಕೆಂದರೆ ಅಷ್ಟು ಹೊತ್ತಿಗೆ ಹೋಟೆಲು ತನ್ನದೇ ಹೆಸರಿನ ಬಲದಿಂದ ನಿಲ್ಲಬಲ್ಲ ಸಂಸ್ಥೆಯಾಗಿತ್ತು. 1962ರಲ್ಲಿ ಆರಂಭವಾದ ಅವರ ಡ್ರೈವ್-ಇನ್ ಹೋಟೆಲಿನಲ್ಲಿ ಕಾರಿನ ಕಿಟಕಿಗೆ ತಟ್ಟೆ ಸಿಕ್ಕಿಸಿಕೊಂಡು ತಿನ್ನುವ ಹೊಸ ತಲೆಮಾರು ಬಂತು. ಆ ಜಾಗವನ್ನು ಸರಕಾರ ಹಿಂದಕ್ಕೆ ಪಡೆದು, 2008ರಲ್ಲಿ ಅದು ಮುಚ್ಚುವ ತನಕ ಮದರಾಸಿನ ಸಾಹಿತಿ, ಪತ್ರಕರ್ತರ ಹರಟೆಗೆ ಅಲ್ಲಿ ನೆರಳಿತ್ತು.

ಬೆಂಗಳೂರಿನ ದಾರಿ ಸ್ವಲ್ಪ ಬೇರೆಯಾಗಿತ್ತು. ಕೋಟದ ಸಮೀಪದ ಪಾರಂಪಳ್ಳಿಯ ಮಯ್ಯ ಸೋದರರು ಘಟ್ಟ ಹತ್ತಿ ಬಂದು ಮೊದಲು ಹಿಡಿದದ್ದು ನಗರದ ಗಣ್ಯರ ಮನೆಗಳ ಅಡುಗೆ ಕೆಲಸವನ್ನು. ಅವರಲ್ಲಿ ಪರಮೇಶ್ವರ ಮಯ್ಯರು 1924ರಲ್ಲಿ, ತಾವು ಕೆಲಸಕ್ಕಿದ್ದ ಮನೆಯ ಯಜಮಾನರ ನೆರವಿನಿಂದ, ಲಾಲ್‌ಬಾಗ್ ಫೋರ್ಟ್ ರಸ್ತೆಯಲ್ಲಿ ‘ಬ್ರಾಹ್ಮಿನ್ಸ್ ಕಾಫಿ ಕ್ಲಬ್’ ತೆರೆದರು. ಇಲ್ಲಿ ಮೊದಲ ಗಿರಾಕಿಯ ಪ್ರಶ್ನೆ ಅಂಗಡಿ ತೆರೆಯುವ ಮುನ್ನವೇ ಬಗೆಹರಿದಂತಿತ್ತು, ಏಕೆಂದರೆ ದೊಡ್ಡ ಮನೆಯೊಂದರ ಊಟದ ಮನೆಯಲ್ಲಿ ಬಡಿಸಿದವನ ಕೈರುಚಿ ಆ ಮನೆಗೆ ಬಂದುಹೋಗುವ ಹತ್ತಾರು ಕುಟುಂಬಗಳ ನಾಲಗೆಗೂ ತಲುಪಿರುತ್ತದೆ. ಮುಂದೆ ಹೋಟೆಲಿನ ಹೊಣೆ ಹೊತ್ತ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪ್ ಪ್ರವಾಸ ಮಾಡಿ ಅಲ್ಲಿಯ ಹೋಟೆಲುಗಳ ಶುಚಿತ್ವವನ್ನು ಕಂಡು ಬಂದು, ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಿ ಮಾಡುವ ಕ್ರಮವನ್ನು ತಂದರು. ಶುಚಿ ಎಂದರೆ ಮಡಿ ಎಂದಿದ್ದ ಅರ್ಥ, ಶುಚಿ ಎಂದರೆ ರೋಗಾಣು ಇಲ್ಲದಿರುವುದು ಎಂಬಲ್ಲಿಗೆ ಬಂದದ್ದು ಈ ಉದ್ಯಮದ ಒಳಗೇ ನಡೆದ ದೊಡ್ಡ ಪಲ್ಲಟ. 1960ರಲ್ಲಿ ಹೊಸ ಕಟ್ಟಡಕ್ಕೆ ಬಂದಾಗ ಹೆಸರೂ ‘ಮಾವಳ್ಳಿ ಟಿಫಿನ್ ರೂಮ್ಸ್’ ಆಯಿತು, ‘ಬ್ರಾಹ್ಮಿನ್ಸ್’ ಎಂಬ ಪದ ಫಲಕದಿಂದ ಇಳಿಯಿತು. ಗಾಂಧಿಬಜಾರಿನಲ್ಲಿ 1943ರ ಸುಮಾರಿಗೆ ಆರಂಭವಾದ ‘ವಿದ್ಯಾರ್ಥಿ ಭವನ’ವಂತೂ ತನ್ನ ಮೊದಲ ಗಿರಾಕಿಗಳು ಯಾರೆಂಬುದನ್ನು ಹೆಸರಿನಲ್ಲೇ ಹೊತ್ತಿದೆ, ಬಸವನಗುಡಿಯ ಶಾಲೆ ಕಾಲೇಜುಗಳ ಹುಡುಗರಿಗಾಗಿ ಹಾಕಿದ ಆ ಸಣ್ಣ ತಿಂಡಿಮನೆಗೆ ಮುಂದೆ ಅವರ ಮೇಷ್ಟ್ರುಗಳೂ ಸಾಹಿತಿಗಳೂ ಬಂದರು.

ಎಲ್ಲ ಊರುಗಳಲ್ಲೂ ಹೋಟೆಲಿನವನ ಪ್ರಾಣ ನಿಂತಿದ್ದು ಅಪರೂಪಕ್ಕೆ ಬರುವವನಿಗಿಂತ ದಿನವೂ ಬರುವವನ ಮೇಲೆ. ತಿಂಗಳಿಗಿಷ್ಟೆಂದು ಮುಂಗಡ ಕೊಟ್ಟು ಎರಡು ಹೊತ್ತು ಉಣ್ಣುವ ಏರ್ಪಾಡು, ಅಥವಾ ಇಂತಿಷ್ಟು ಊಟದ ಟಿಕೆಟುಗಳ ಪುಸ್ತಕವನ್ನು ಒಟ್ಟಿಗೆ ಕೊಳ್ಳುವ ಏರ್ಪಾಡು ಗಿರಾಕಿಗೆ ಅಗ್ಗವಾಗಿ ಕಂಡರೆ, ಮಾಲೀಕನಿಗೆ ಅದು ಬಡ್ಡಿಯಿಲ್ಲದ ಸಾಲವಾಗಿತ್ತು. ಗಿರಾಕಿಯಿಂದ ಮುಂಗಡ ಪಡೆದು, ದಿನಸಿ ಅಂಗಡಿಯವನಿಗೆ ಮಾತ್ರ ಒಂದಷ್ಟು ದಿನ ಬಿಟ್ಟು ಹಣ ಕೊಡುವವನಿಗೆ ಸ್ವಂತ ಬಂಡವಾಳ ಬಹಳ ಬೇಕಾಗುವುದಿಲ್ಲ. ಮುಂಬಯಿಯ ಮಾಟುಂಗದಲ್ಲಿ ರೈಲು ನಿಲ್ದಾಣದ ಬಳಿ ಎ. ರಾಮ ನಾಯಕ್ ಅವರು 1942ರಲ್ಲಿ ಆರಂಭಿಸಿದ ‘ಉಡುಪಿ ಶ್ರೀಕೃಷ್ಣ ಬೋರ್ಡಿಂಗ್’ ಬಾಳೆಯೆಲೆ ಊಟದ ಈ ಮಾದರಿಯ ಹೆಸರಾಂತ ಉದಾಹರಣೆ. ಕಾರ್ಕಳದ ಕಡೆಯಿಂದ ಹುಡುಗನಾಗಿ ಬಂದು ಪಾತ್ರೆ ತೊಳೆದೇ ಮೇಲೆ ಬಂದ ಅವರಿಗೆ, ಊರಿಂದ ಬಂದು ಆ ಬಡಾವಣೆಯಲ್ಲಿ ನೆಲೆನಿಂತ ದಕ್ಷಿಣದ ಗುಮಾಸ್ತ ವರ್ಗವೇ ಆಧಾರವಾಯಿತು.

ದಿನದ ಕಾಸನ್ನು ಬಂಡವಾಳವಾಗಿಸುವ ಕಲೆಗೆ ಕರಾವಳಿಯಲ್ಲಿ ಇನ್ನೊಂದು ಆಸರೆಯೂ ಸಿಕ್ಕಿತು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಎಂದು ಒಂದೇ ಜಿಲ್ಲೆಯಲ್ಲಿ ಹುಟ್ಟಿದ ಬ್ಯಾಂಕುಗಳ ಸಾಲು ದೇಶದಲ್ಲೇ ವಿಶೇಷ. ಇವುಗಳಲ್ಲಿ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ತಂದ ಪಿಗ್ಮಿ ಠೇವಣಿ, ಅಂದರೆ ಏಜೆಂಟನೇ ದಿನವೂ ಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಚೀಟಿ ಕೊಡುವ ಯೋಜನೆ, ನೇಕಾರರಂಥ ಸಣ್ಣ ದುಡಿಮೆಗಾರರಿಗಾಗಿ ರೂಪುಗೊಂಡದ್ದಾದರೂ ಹೋಟೆಲಿನ ಗಲ್ಲಾಕ್ಕೆ ಹೇಳಿ ಮಾಡಿಸಿದಂತಿತ್ತು.

ಉದ್ಯಮ ಹರಡಿದ ಬಗೆಯೂ ವಿಶಿಷ್ಟವೇ. ಊರಿಂದ ಬಂದ ಹುಡುಗ ‘ಮಾಣಿ’ ಎನಿಸಿಕೊಂಡು ಲೋಟ ತೊಳೆಯುವಲ್ಲಿಂದ ಆರಂಭಿಸಿ, ಬಡಿಸುವ ಕೆಲಸ, ಅಡುಗೆಭಟ್ಟರ ಕೈಕೆಳಗಿನ ಕೆಲಸ, ಉಗ್ರಾಣದ ಲೆಕ್ಕ, ಕೊನೆಗೆ ಗಲ್ಲಾದ ತನಕ ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದ. ಅಷ್ಟರೊಳಗೆ ಹಾಲಿನವನು, ತರಕಾರಿಯವನು, ಮನೆ ಬಾಡಿಗೆಗೆ ಕೊಡುವವನು, ಹೊಟ್ಟೆ ಹಸಿದು ಬರುವವನು ಎಲ್ಲರೂ ಅವನಿಗೆ ಪರಿಚಿತರಾಗಿರುತ್ತಿದ್ದರು. ಹಳೆಯ ಮಾಲೀಕ ಎರಡನೆಯ ಹೋಟೆಲು ಹಾಕಿದಾಗ ಮೊದಲನೆಯದನ್ನು ಇಂಥವನಿಗೆ ಪಾಲಿಗೋ ಗುತ್ತಿಗೆಗೋ ಕೊಡುವುದು, ಇಲ್ಲವೇ ಇವನೇ ಎರಡು ಬೀದಿ ಆಚೆ ತನ್ನದೊಂದನ್ನು ತೆರೆಯುವುದು ಸಾಮಾನ್ಯವಾಯಿತು. ಹೊಸ ಹೋಟೆಲಿನ ಮೊದಲ ಗಿರಾಕಿಗಳಲ್ಲಿ ಹಳೆಯ ಹೋಟೆಲಿನಲ್ಲಿ ಅವನ ಕೈಯಿಂದ ಬಡಿಸಿಕೊಂಡವರು ಇದ್ದೇ ಇರುತ್ತಿದ್ದರು. ಬಂಟರು, ಗೌಡ ಸಾರಸ್ವತರು, ಬಿಲ್ಲವರು, ಮೊಗವೀರರು ಮುಂಬಯಿಯಲ್ಲಿ ಈ ದಾರಿಗೆ ಬಂದಾಗ ‘ಉಡುಪಿ’ ಎಂಬ ಹೆಸರು ಒಂದು ಜಾತಿಯ ಗುರುತಾಗಿ ಉಳಿಯದೆ ಒಂದು ಬಗೆಯ ತಿಂಡಿ, ಬೆಲೆ, ಚುರುಕುತನಗಳ ಗುರುತಾಯಿತು. ಹಗಲು ಹೋಟೆಲಿನಲ್ಲಿ ದುಡಿದು ಇರುಳು ಕಲಿಯುವ ಹುಡುಗರಿಗಾಗಿ ಮುಂಬಯಿಯ ಕನ್ನಡಿಗರು, ತುಳುವರು ನಡೆಸಿದ ರಾತ್ರಿ ಶಾಲೆಗಳು ಈ ಕಥೆಯ ಅತ್ಯಂತ ಗೌರವದ ಅಧ್ಯಾಯ. ಅಲ್ಲಿ ಲೆಕ್ಕ, ಇಂಗ್ಲಿಷು ಕಲಿತವರಲ್ಲಿ ಮಾಲೀಕರಾದವರಷ್ಟೇ ಅಲ್ಲದೆ ವಕೀಲರು, ಬರಹಗಾರರೂ ಇದ್ದರು.

ಆದರೆ ಮೊದಲ ಗಿರಾಕಿಯನ್ನು ತಂದುಕೊಟ್ಟ ಜಾತಿಯೇ ನಂತರದ ಗಿರಾಕಿಗಳಿಗೆ ಗೋಡೆಯಾಯಿತು. ಮದರಾಸಿನ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ, ಇತರರಿಗೆ ಬೇರೆ ಕೋಣೆ ಇದ್ದುದೂ, ದಲಿತರಿಗೆ ಪ್ರವೇಶವೇ ಇಲ್ಲದಿದ್ದುದೂ ಪೆರಿಯಾರರ ಸ್ವಾಭಿಮಾನ ಚಳವಳಿಯ ನ್ಯಾಯವಾದ ಕೋಪಕ್ಕೆ ಗುರಿಯಾದವು. ರೈಲು ನಿಲ್ದಾಣಗಳ ಉಪಾಹಾರ ಗೃಹಗಳಲ್ಲಿದ್ದ ಪ್ರತ್ಯೇಕ ಪಂಕ್ತಿ 1941ರಲ್ಲಿ ಕೊನೆಗೊಂಡಿತು. ಸಂವಿಧಾನದ 15ನೆಯ ವಿಧಿ ಹೋಟೆಲು, ಅಂಗಡಿಗಳ ಪ್ರವೇಶದಲ್ಲಿ ಜಾತಿಭೇದವನ್ನು ನಿಷೇಧಿಸಿದ ಮೇಲೂ ಫಲಕಗಳ ಮೇಲಿನ ಪದ ಉಳಿದಿತ್ತು. 1957ರಲ್ಲಿ ಪೆರಿಯಾರರ ಅನುಯಾಯಿಗಳು ತಿರುವಲ್ಲಿಕೇಣಿಯ ಹೋಟೆಲೊಂದರ ಮುಂದೆ, ಅದರ ಹೆಸರಿನಿಂದ ‘ಬ್ರಾಹ್ಮಣ’ ಎಂಬ ಪದವನ್ನು ತೆಗೆಸಲು ತಿಂಗಳುಗಟ್ಟಲೆ ಧರಣಿ ನಡೆಸಬೇಕಾಯಿತು. ಈ ಒತ್ತಡವಿಲ್ಲದೆ ಉದ್ಯಮ ತಾನಾಗಿ ಎಲ್ಲರಿಗೂ ಬಾಗಿಲು ತೆರೆಯಿತೆಂದು ಹೇಳುವುದು ಸತ್ಯಕ್ಕೆ ದೂರ. ಲಾಭದ ಲೆಕ್ಕವೂ ಅದೇ ದಿಕ್ಕಿಗೆ ತೋರುತ್ತಿತ್ತು, ಆದರೆ ಲೆಕ್ಕ ಗೊತ್ತಿದ್ದೂ ದಶಕಗಳ ಕಾಲ ಗೋಡೆ ನಿಂತಿತ್ತು.

ಹೊರಗಿನ ಬಿಕ್ಕಟ್ಟುಗಳು ಹೊಸ ತಿಂಡಿಗಳನ್ನೂ ಹೊಸ ಕಸುಬುಗಳನ್ನೂ ಹುಟ್ಟಿಸಿದವು. ಎರಡನೆಯ ಮಹಾಯುದ್ಧದ ಕಾಲದ ಅಕ್ಕಿಯ ಅಭಾವದಲ್ಲಿ ಮಯ್ಯರ ಹೋಟೆಲಿನಲ್ಲಿ ರವೆ ಇಡ್ಲಿ ರೂಪುಗೊಂಡಿತೆಂಬುದು ಆ ಸಂಸ್ಥೆಯ ಹೇಳಿಕೆ. 1970ರ ದಶಕದ ತುರ್ತುಪರಿಸ್ಥಿತಿಯಲ್ಲಿ ತಿಂಡಿಗಳ ಬೆಲೆಯನ್ನು ಸರಕಾರವೇ ತಗ್ಗಿಸಿ ಗೊತ್ತುಮಾಡಿದಾಗ, ಗುಣಮಟ್ಟ ಇಳಿಸಲೊಪ್ಪದೆ ಅದೇ ಹೋಟೆಲು ಕೆಲಕಾಲ ಮುಚ್ಚಿತು. ಕೆಲಸಗಾರರನ್ನು ಕೈಬಿಡದಿರಲು ಮಸಾಲೆ ಪುಡಿ, ಸಿದ್ಧ ಹಿಟ್ಟುಗಳ ಮಾರಾಟಕ್ಕೆ ಇಳಿಯಿತು. ಇದೇ ದಶಕದಲ್ಲಿ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿದಾರರಿಗೆ ಒಡೆತನ ಕೊಟ್ಟು, ಶತಮಾನಗಳ ಅಸಮಾನತೆಯೊಂದನ್ನು ಕರಾವಳಿಯಲ್ಲಿ ಬಹುಮಟ್ಟಿಗೆ ಅಳಿಸಿತು. ಗದ್ದೆ ಕಳೆದುಕೊಂಡ ಒಡೆಯರ ಮನೆಯ ಮಕ್ಕಳಲ್ಲಿ ಎಷ್ಟೋ ಮಂದಿ ಹಿಂದೆ ಬಡವರ ಮಕ್ಕಳು ಹಿಡಿದಿದ್ದ ಬಸ್ಸನ್ನೇ ಹಿಡಿದು ಮುಂಬಯಿಯ ಹೋಟೆಲುಗಳಿಗೆ ಬಂದರು.

ಬೆಂಗಳೂರಿನಲ್ಲಿ 1980ರ ದಶಕದಲ್ಲಿ ಕಾಣಿಸಿಕೊಂಡ ದರ್ಶಿನಿಗಳು ಮೊದಲ ಗಿರಾಕಿಯ ಪ್ರಶ್ನೆಯನ್ನೇ ಬದಲಿಸಿದವು. ನಿಂತು ತಿನ್ನುವ ಎತ್ತರದ ಮೇಜು, ಮೊದಲು ಹಣ ಕೊಟ್ಟು ಚೀಟಿ ಪಡೆಯುವ ಕ್ರಮ, ಎಲ್ಲರ ಕಣ್ಣಿಗೂ ಕಾಣುವಂತೆ ತೆರೆದಿಟ್ಟ ಅಡುಗೆಮನೆ ಇವುಗಳ ಲಕ್ಷಣ. ಒಳಗೆ ಅಡುಗೆ ಮಾಡುವವರು ಯಾರು ಎಂದು ಕೇಳುವ ಗಿರಾಕಿಯ ಜಾಗದಲ್ಲಿ, ಬಸ್ಸು ತಪ್ಪುವ ಮುನ್ನ ತಿಂಡಿ ಮುಗಿಸಬೇಕಾದ ಗಿರಾಕಿ ಬಂದಿದ್ದ. ಅವನಿಗೆ ಬೇಕಾದ ಭರವಸೆಯನ್ನು ಫಲಕದ ಬದಲು ಕಣ್ಣೆದುರಿನ ಕಾವಲಿಯೇ ಕೊಡುತ್ತಿತ್ತು.

ಕೆಲಸಗಾರನ ಕಡೆಯ ಏಣಿಯೂ ಇದೇ ಅವಧಿಯಲ್ಲಿ ಬದಲಾಯಿತು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸುವುದನ್ನು 2006ರ ಅಕ್ಟೋಬರ್‌ನಿಂದ ಕೇಂದ್ರ ಸರಕಾರ ನಿಷೇಧಿಸಿದ್ದು, ಕೃಷ್ಣರಾಯರ ಕಾಲದ ಹುಡುಗರು ತೆತ್ತ ಬಾಲ್ಯವನ್ನು ನೆನೆದರೆ, ತಡವಾಗಿ ಬಂದ ನ್ಯಾಯ. ಕರಾವಳಿಯ ಹುಡುಗರು ಶಾಲೆ, ಕಾಲೇಜು, ಕೊಲ್ಲಿ ದೇಶಗಳ ಕಡೆಗೆ ತಿರುಗಿದ ಮೇಲೆ ಬೆಂಗಳೂರಿನ ಹೋಟೆಲುಗಳಲ್ಲಿ ಲೋಟ ತೊಳೆಯುವ, ಹಿಟ್ಟು ಹುಯ್ಯುವ ಕೆಲಸಕ್ಕೆ ಉತ್ತರ ಕರ್ನಾಟಕದವರೂ, ಒಡಿಶಾ, ಅಸ್ಸಾಂ, ಬಿಹಾರಗಳಿಂದ ಬಂದವರೂ ನಿಂತಿದ್ದಾರೆ. ದೋಸೆಯ ಹದ ಅವರಿಗೆ ಕೈಗೂಡಿದೆ, ಬೀದಿಯ ಗಿರಾಕಿಗಳ ಗುರುತೂ ಇದೆ. ಮಾಲೀಕ ಅವರ ಊರಿನವನಲ್ಲದಿರುವುದರಿಂದ, 700 ರೂಪಾಯಿಯ ಹೋಟೆಲನ್ನು ನಂಬಿಕೆಯ ಮೇಲೆ ಕಂತಿಗೆ ಬಿಟ್ಟುಕೊಡುವಂಥ ಏರ್ಪಾಡು ಅವರ ಪಾಲಿಗೆ ಸುಲಭಕ್ಕೆ ಒದಗುತ್ತಿಲ್ಲ.